ಬಾಯಲ್ಲಿನ ಹುಲ್ಲು

ಇಟ್ಟುಬಿಡು ಆ ಡಬ್ಬಿ, ಮ್ಯಾಕ್ಸೆನ್.
ಮುಚ್ಚಳದ ಮೇಲೆ ಹಲ್ಲು ಕಿರಿದ ತೋಳ,
ಅದರ ಕೆಳಗೊಂದು ಮಿಂಚು, ಕೆಂಪು ಅಕ್ಷರ.
ಪೊಲ್‌ಹೆಲಿಯ ಅಂಗಡಿಯವನು
ಹುಡುಗರಿಗೆಂದೇ ಇದನ್ನು ಗಲ್ಲಾದ ಪಕ್ಕ ಇಟ್ಟಿರುತ್ತಾನೆ.
ಹೆಸರು ಕ್ಷೀರಸಾಗರ,
ಒಳಗೆ ಮಜ್ಜಿಗೆಗೂ ಗತಿಯಿಲ್ಲ.

ಬಾ, ಕೂತುಕೋ.
ಮೇಜಿನ ಮೇಲೆ ಗಾಜು ಓರೆಯಾಗಿಟ್ಟಿದ್ದೇನೆ.
ಒಂದೊಂದೇ ಪೆಲೆಟ್ ಉರುಳಿಬಿಡು, ಅವಸರ ಬೇಡ.
ಸರಾಗ ಬಂದದ್ದು ಈ ಕಡೆ.
ಕುಂಟುತ್ತ, ತಡವರಿಸುತ್ತ ಬಂದದ್ದರ
ಲಂಗದ ಅಂಚು ನೆಗ್ಗಿದೆ. ಕಳ್ಳಸಾಕ್ಷಿ ಅದು,
ಬೇರೆ ಇಡು.

ಚೂಪು ಮೂಗಿನದು ನೋಡಲು ಚೆಂದ, ಒಪ್ಪಿದೆ.
ತಲೆಯಲ್ಲಿ ಗುಳಿಯಿರುವುದು ಹತ್ತಿರದಲ್ಲಿ ಶೂರ,
ಇಪ್ಪತ್ತು ಗಜ ದಾಟಿದರೆ ದಾರಿ ತಪ್ಪಿದ ಕುಡುಕ.
ಚಪ್ಪಟೆಯದು ಕಾಗದಕ್ಕೆ ದುಂಡನೆ ತೂತು ಕೊರೆಯಲು ಸೈ.
ಈ ಗುಂಡುತಲೆಯದು,
ತಂಬಾಕಿನ ಹಳೇ ತಗಡಿನಲ್ಲಿ ಮಲಗಿರುವ
ಹದಿನಾರು ಗ್ರೇನಿನ ಬಡಪಾಯಿ,
ಇದನ್ನೇ ಮೆಚ್ಚಿದೆ ನಮ್ಮ ಕೋವಿ.
ಯಾಕೆಂದು ಕೇಳಬೇಡ. ನಳಿಗೆಗೂ ನಾಲಿಗೆಯುಂಟು.
ಇಯೋರ್ವರ್ತನ ಕೋವಿಯೂ ಅದೇ ಕಾರ್ಖಾನೆಯದು, ಅದೇ ವರ್ಷದ್ದು,
ಇದನ್ನು ಕೊಟ್ಟರೆ ಬೇಲಿಗೆ ಉಗಿದುಬಿಡುತ್ತದೆ.

ನಿನ್ನೆ ಮೂವತ್ತು ಗಜದಿಂದ ರಟ್ಟಿಗೆ ಹತ್ತು ಹೊಡೆದೆ.
ಒಂಬತ್ತನ್ನೂ ಮುಚ್ಚಲು ಕೋಟಿನ ಒಂದು ಗುಂಡಿ ಸಾಕಾಯಿತು.
ಹೊರಗೆ ಬಿದ್ದದ್ದೊಂದು. ಅದು ಪೆಲೆಟ್ಟಿನದಲ್ಲ, ನನ್ನ ಉಸಿರಿನದು.
ಮೊಲದ ಕಣ್ಣಿಗೂ ಕಿವಿಯ ಬುಡಕ್ಕೂ ನಡುವೆ
ನಮಗಿರುವ ಜಾಗ ಅಷ್ಟೇ, ಒಂದು ಗುಂಡಿ.
ಅಲ್ಲಿ, ಇಲ್ಲವೇ ಎಲ್ಲೂ ಬೇಡ.

ಚಾಪೆಲ್ಲಿನ ಹಿರಿಯರಿಗೆ ಅವಸರ.
ಗೋರಿಗಳ ಅಡಿಯೆಲ್ಲ ತೋಡಿ ಹಾಕಿವೆ,
ತೆಗ್ವೆನಳ ಕಲ್ಲು ಕಳೆದ ತಿಂಗಳು ವಾಲಿತು,
ಯಾರದೋ ಬೆರಳಿನ ಮೂಳೆ ಮಳೆಗೆ ಬಿಳುಪಾಗಿ ಸಿಕ್ಕಿತು.
ಗೋರಿ ಅಗೆಯುವವನು ನಾನು. ಸರಿ, ನನಗೇ ಹೇಳುತ್ತಾರೆ.
ಅವಸರ ಅವರದು.

ನಿನ್ನ ವಯಸ್ಸಿನಲ್ಲಿ ನಾನೂ ಚೂಪಿನ ಪಕ್ಷ.
'ಚೂಪಾದದ್ದು ಆಳಕ್ಕಿಳಿಯುತ್ತದೆ' ಎಂದು
ಬೆಡ್ವಿರ್ ಮಾವನೆದುರು ಒಂದಿಡೀ ಮಧ್ಯಾಹ್ನ ವಾದಿಸಿದೆ.
ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.
ಸಂಜೆ ಗಾಳಿ ಅಡ್ಡ ಬೀಸುತ್ತಿತ್ತು. ಹೊಡೆದೆ.
ಹೌದು,
ಮೂರೇ ಕಾಲಿನ ಮೇಲೆ ಓಡಿತು,
ನಾಲ್ಕನೆಯದನ್ನು ಹಗ್ಗದ ತುಂಡಿನಂತೆ ಎಳೆದುಕೊಂಡು
ಬಿಲದ ಬಾಯಿಯವರೆಗೆ.
ಬದುಕಿಡೀ ಸದ್ದಿಲ್ಲದ ಪ್ರಾಣಿ, ಗೊತ್ತಾ,
ಒಂದೇ ಒಂದು ಸಲ ಕೂಗುತ್ತದೆ. ಕೂಸಿನ ದನಿ.
ಮಾವ ಬೈಯಲಿಲ್ಲ.
ಗುದ್ದಲಿ ತಂದು ಕೈಗಿಟ್ಟ.
ಕತ್ತಲಾಗುವವರೆಗೆ ಅಗೆದೆ, ಕತ್ತಲಾದ ಮೇಲೂ.
ಸಿಗಲಿಲ್ಲ.

ಬಿದ್ದ ಮೊಲದ ಬಾಯಿ ತೆರೆದು ನೋಡು ಮೊದಲು.
ಅರ್ಧ ಅಗಿದ ಹುಲ್ಲು ಹಾಗೇ ಇದ್ದರೆ
ಸಾವು ಬಂದದ್ದು ಅದಕ್ಕೆ ಗೊತ್ತಾಗಲಿಲ್ಲವೆಂದು ಲೆಕ್ಕ.
ನನಗೆ ಬರುವ ಕರುಣೆ ಇಷ್ಟೇ,
ದೊಡ್ಡದೇನಲ್ಲ, ಅಂಗಡಿಯಲ್ಲೂ ಸಿಗುವುದಿಲ್ಲ.

ಮೂರು ಪೆಲೆಟ್ ಸಾಕು. ಜೇಬಿನಲ್ಲಿ ಚಿಲ್ಲರೆಯ ಜೊತೆ ಹಾಕಬೇಡ.
ನಡಿ.
ತಡಿ.
ಮುಳ್ಳುತಂತಿಗೆ ಸಿಕ್ಕ ಆ ಉಣ್ಣೆಯ ಎಳೆ ನೋಡು,
ಈಗಷ್ಟೇ ಜೋತುಬಿದ್ದಿತ್ತು,
ಈಗ ಚಾಚಿದ ಬೆರಳಿನಂತೆ ಅಡ್ಡ ನಿಂತಿದೆ.
ಕಡಲು ತಿರುಗಿತು.

ಪೆಲೆಟ್ ಡಬ್ಬಿಗೆ, ಕೋವಿ ಮೂಲೆಗೆ.
ಕೈ ತೊಳೆದುಕೋ, ಸೀಸ ಅದು.
ಇವತ್ತು ಆಲೂಗಡ್ಡೆ, ಲೀಕು, ಉಪ್ಪು, ಅಷ್ಟೇ ಸಾರು.
ಕಿಟಕಿಯಿಂದ ಎಣಿಸು ಬೇಕಾದರೆ:
ತೆಗ್ವೆನಳ ಕಲ್ಲಿನ ಹತ್ತಿರ ನಾಲ್ಕು, ಇಲ್ಲ, ಐದು,
ಹಿಂಗಾಲ ಮೇಲೆ ಎದ್ದು ನಿಂತ ಒಂದು
ನಮ್ಮ ಕಡೆಗೇ ಮುಖ ಮಾಡಿ
ಅಗಿಯುತ್ತಲೇ ಇದೆ.